ಲಾಂಛನವಿದ್ದರೆ ಮೂಲ ಕ್ರೌನ್ ಎನ್ನಬಹುದೇ? ಹಳೆಯ ಒಮೇಗಾ ಕೈಗಡಿಯಾರಗಳ ಕ್ರೌನ್ ಕಾಲನಿರ್ಣಯ

ಕಾಲಾಳು
ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವ ಎರಡು ಹಳೆಯ ಒಮೇಗಾಗಳ ಕ್ರೌನ್ (ಪಕ್ಕದಲ್ಲಿರುವ, ಚಾವಿ ಕೊಡುವ ಗುಂಡಿ) ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಮೊದಲನೆಯದು ಕಾನ್‌ಸ್ಟೆಲೇಷನ್. ರೆಫರೆನ್ಸ್ (ಕಂಪನಿಯ ಮಾದರಿ) ಸಂಖ್ಯೆ 168.005, ಉಕ್ಕಿನ ಮೇಲೆ ಚಿನ್ನದ ಹೊದಿಕೆಯಿರುವ ಕೇಸ್ (ಹೊರಕವಚ), ಒಳಗೆ 561 ಕ್ಯಾಲಿಬರ್ ಯಂತ್ರ, ಯಂತ್ರದ ಸರಣಿ ಸಂಖ್ಯೆ 24 ಮಿಲಿಯನ್ ವರ್ಗಕ್ಕೆ ಸೇರಿದ್ದು. ಮಾರಿದವರು 'ಲಾಂಛನವಿರುವ ಮೂಲ ಕ್ರೌನ್' ಎಂದು ಜಾಹೀರಾತಿನಲ್ಲಿ ಒತ್ತಿ ಹೇಳಿದ್ದರು ಮತ್ತು ಆ ಹೆಸರಿನಲ್ಲಿ ಬೆಲೆಯನ್ನೂ ಸ್ವಲ್ಪ ಏರಿಸಿದ್ದರು. ಎರಡನೆಯದು ನನ್ನ ಹೆಂಡತಿಯ ತಾತನವರದು: 30ಟಿ2 ಯಂತ್ರ, ಸಣ್ಣ ಸೆಕೆಂಡಿನ ಮುಳ್ಳು, ಸರಣಿ ಸಂಖ್ಯೆ 10 ಮಿಲಿಯನ್ ವರ್ಗ. ಇದರ ಕ್ರೌನ್ ಮೇಲೆ ಯಾವ ಗುರುತೂ ಇಲ್ಲ. ರಿಪೇರಿಗೆ ಕೊಟ್ಟಲ್ಲಿ, 'ಇದು ಡೂಪ್ಲಿಕೇಟ್, ಒಮೇಗಾ ಗುರುತಿರುವ ಕ್ರೌನ್ ಹಾಕಿಕೊಡುತ್ತೇನೆ, ಗಡಿಯಾರಕ್ಕೆ ಬೆಲೆ ಬರುತ್ತದೆ' ಎಂದು ಹೇಳಿದರು.

ನನ್ನ ಪ್ರಶ್ನೆಗಳು ಮೂರು. ಒಮೇಗಾದವರು ಕ್ರೌನ್ ಮೇಲೆ ಲಾಂಛನ ಹಾಕಲು ತೊಡಗಿದ್ದು ಯಾವಾಗ? ಲಾಂಛನದ ಆಕಾರ ನೋಡಿ ಕ್ರೌನ್ ಯಾವ ಕಾಲದ್ದೆಂದು ಹೇಳಲು ಸಾಧ್ಯವೇ? ತಾತನವರ ಗಡಿಯಾರಕ್ಕೆ ಗುರುತಿರುವ ಕ್ರೌನ್ ಹಾಕಿಸಬೇಕೇ?

ಗುಂಡುಡಯಲ್
ಡಯಲ್‌ನ ಫೋಟೊ ಹಾಕುವ ಮೊದಲು ಕ್ರೌನಿನ ಫೋಟೊ ಹಾಕಿ. ನೇರ ನೋಟವೂ ಬೇಕು, ಪಕ್ಕದ ನೋಟವೂ ಬೇಕು.

ಕಾಲಾಳು
ಸಂಜೆ ಹಾಕುತ್ತೇನೆ. ಸದ್ಯಕ್ಕೆ ಮಾತಿನಲ್ಲಿ ಹೇಳುವುದಾದರೆ, ಕಾನ್‌ಸ್ಟೆಲೇಷನ್‌ನ ಕ್ರೌನ್ ಪೂರ್ತಿ ದುಂಡಗಿದೆ, ಅಂಚಿನ ಸುತ್ತ ಸಣ್ಣ ಸಣ್ಣ ಗೀರುಹಲ್ಲುಗಳಿವೆ, ಲಾಂಛನವಾದ ಒಮೇಗಾ ಅಕ್ಷರ (Ω) ಉಬ್ಬಿಕೊಂಡಿದೆ ಮತ್ತು ಅದರ ಎರಡು ಪಾದಗಳ ತುದಿ ದುಂಡಾಗಿದೆ.

ಹಳೇಮುಳ್ಳು
ನೀವು ಕೊಟ್ಟಿರುವ ವಿವರ ಸರಿಯಾಗಿದ್ದರೆ, ಲಾಂಛನವಿರುವ ಕ್ರೌನ್ ಮೂಲದ್ದಲ್ಲ, ಲಾಂಛನವಿಲ್ಲದ ಕ್ರೌನ್ ಮೂಲದ್ದಾಗಿರುವ ಸಾಧ್ಯತೆಯೇ ಹೆಚ್ಚು. ನಿಮ್ಮ ಮಾರಾಟಗಾರರು ಮತ್ತು ನಿಮ್ಮ ರಿಪೇರಿಯವರು ಇಬ್ಬರೂ ವಿಷಯವನ್ನು ತಲೆಕೆಳಗಾಗಿ ಹೇಳಿದ್ದಾರೆ.

ಮೊದಲು ಕಾನ್‌ಸ್ಟೆಲೇಷನ್. ಈ ಮಾದರಿ ಹುಟ್ಟಿದ್ದು 1952ರಲ್ಲಿ. 1950ರ ದಶಕದಿಂದ 1960ರ ದಶಕದ ನಡುವಿನವರೆಗಿನ ಬಹುಪಾಲು ದುಂಡು ಕಾನ್‌ಸ್ಟೆಲೇಷನ್‌ಗಳಿಗೆ, ಅದರಲ್ಲಿಯೂ 168.005 ಮತ್ತು ಅದರ ತಾರೀಖಿಲ್ಲದ ಸಹೋದರ 167.005ಕ್ಕೆ, ಹತ್ತು ಮುಖಗಳ ಕ್ರೌನ್ ಬರುತ್ತಿತ್ತು. ಸಂಗ್ರಾಹಕರು ಡೆಕಾಗನ್ ಎಂದು ಕರೆಯುವುದು ಇದನ್ನೇ. ಪಕ್ಕದಿಂದ ನೋಡಿದರೆ ಹತ್ತು ಚಪ್ಪಟೆ ಪಟ್ಟಿಗಳು ಕಾಣುತ್ತವೆ, ನೆತ್ತಿಯ ಮೇಲೆ ಒಮೇಗಾ ಅಕ್ಷರವಿರುತ್ತದೆ. ನಿಮ್ಮದು ಗೀರುಹಲ್ಲಿನ ದುಂಡು ಕ್ರೌನ್ ಆದ್ದರಿಂದ ಅದು ಯಾವುದೋ ಸರ್ವಿಸ್‌ನಲ್ಲಿ ಬಂದು ಸೇರಿದ್ದು. ಅದು ನಕಲಿ ಎಂದು ನಾನು ಹೇಳುತ್ತಿಲ್ಲ. ಒಮೇಗಾದವರೇ ಬದಲಿಯಾಗಿ ಪೂರೈಸಿದ ಅಸಲಿ ಕ್ರೌನ್ ಇರಬಹುದು. ಆದರೆ ಅಸಲಿ ಭಾಗವೆಂಬುದು ಒಂದು, ಆ ಗಡಿಯಾರದೊಡನೆ ಕಾರ್ಖಾನೆಯಿಂದ ಹೊರಬಂದ ಭಾಗವೆಂಬುದು ಇನ್ನೊಂದು. ಮಾರುವವರು ಎರಡನ್ನೂ ಬೇಕೆಂದೇ ಕಲಸುತ್ತಾರೆ.

ಇನ್ನು 30ಟಿ2. ಈ ಯಂತ್ರ 1939ರಲ್ಲಿ ಬಂತು. 10 ಮಿಲಿಯನ್ ಸರಣಿಯೆಂದರೆ ಚಾಲ್ತಿಯಲ್ಲಿರುವ ಪಟ್ಟಿಗಳ ಪ್ರಕಾರ 1944ರ ಆಸುಪಾಸು. ಆ ಕಾಲದ ಒಮೇಗಾಗಳಲ್ಲಿ ಬೋಳು ಕ್ರೌನ್ ಬಹಳ ಸಾಮಾನ್ಯ. ಒಮೇಗಾದ ನೀರುನಿರೋಧಕ ಮಾದರಿಯಾದ ಸೀಮಾಸ್ಟರ್ 1948ರಲ್ಲಿ ಬಂದ ಮೇಲೆ, ನೀರುನಿರೋಧಕ ಕೇಸ್‌ಗಳೇ ಮಾರಾಟದ ಮುಖ್ಯ ಮಾತಾದ ಮೇಲೆ, ಕ್ರೌನ್ ಮೇಲಿನ ಲಾಂಛನ ಕ್ರಮೇಣ ಹರಡಿತು. 1950ರ ದಶಕದ ನಡುವಿಗೆ ಬರುವಷ್ಟರಲ್ಲಿ ಅದು ಹೆಚ್ಚುಕಡಿಮೆ ನಿಯಮವೇ ಆಗಿತ್ತು. ಇಂಥ ವರ್ಷದ ಇಂಥ ತಿಂಗಳಿಂದ ಎಂದು ಗೆರೆ ಎಳೆಯಲು ಹೋಗಬೇಡಿ. ಒಂದೇ ವರ್ಷದಲ್ಲಿ ದುಬಾರಿ ಮಾದರಿಗೆ ಲಾಂಛನವಿದ್ದು ಸಾಮಾನ್ಯ ಮಾದರಿಗೆ ಇಲ್ಲದಿರುವುದನ್ನು ಯಾರು ಬೇಕಾದರೂ ನೋಡಬಹುದು.

ಆದ್ದರಿಂದ ತಾತನವರ ಗಡಿಯಾರಕ್ಕೆ ಗುರುತಿರುವ ಕ್ರೌನ್ ಹಾಕಿಸಿದರೆ, ಉಳಿದುಕೊಂಡಿರುವ ಒಂದು ಮೂಲ ಭಾಗವನ್ನು ಕೈಯಾರೆ ಕಳೆದುಕೊಂಡಂತೆ. ದಯವಿಟ್ಟು ಬೇಡ.

ಸಂಶಯಾತ್ಮ
ಹಳೇಮುಳ್ಳು ಅವರೇ, ನಿಮ್ಮ ಮಾತಿನ ಧಾಟಿ ಅಗತ್ಯಕ್ಕಿಂತ ಖಚಿತವಾಗಿದೆ. ಬೋಳು ಕ್ರೌನ್ ಆ ಕಾಲದಲ್ಲಿ ಸಾಮಾನ್ಯವಾಗಿತ್ತು ಎಂಬುದರಿಂದ ಈ ಬೋಳು ಕ್ರೌನ್ ಮೂಲದ್ದು ಎಂದು ಸಿದ್ಧವಾಗುವುದಿಲ್ಲ. ರಿಪೇರಿ ಅಂಗಡಿಗಳ ಡಬ್ಬಿಯಲ್ಲಿ ಇರುವ ಹೆಸರಿಲ್ಲದ ಕ್ರೌನ್‌ಗಳೂ ಬೋಳಾಗಿಯೇ ಇರುತ್ತವೆ. ಲಾಂಛನವಿದ್ದರೆ ಕನಿಷ್ಠಪಕ್ಷ ಕಂಪನಿಯದ್ದೆಂದು ಹೇಳಲು ಒಂದು ಆಧಾರವಾದರೂ ಇರುತ್ತದೆ. ಬೋಳು ಕ್ರೌನಿಗೆ ಯಾವ ಆಧಾರವಿದೆ?

ಹಳೇಮುಳ್ಳು
ನಾನು ಬರೆದದ್ದು 'ಸಾಧ್ಯತೆಯೇ ಹೆಚ್ಚು' ಎಂದು. ಖಚಿತ ಎಂದು ಬರೆದಿಲ್ಲ, ಮತ್ತೊಮ್ಮೆ ಓದಿ. ಬೋಳು ಕ್ರೌನಿಗೂ ಆಧಾರಗಳಿರುತ್ತವೆ: ಕೇಸ್‌ನ ಗಾತ್ರಕ್ಕೆ ಅದರ ವ್ಯಾಸ ಒಪ್ಪುತ್ತದೆಯೇ, ಹಲ್ಲುಗಳು ಆ ಕಾಲದ ಜಾಹೀರಾತಿನ ಚಿತ್ರಗಳಲ್ಲಿ ಇರುವಂತಿವೆಯೇ, ಸವೆತ ಕೇಸ್‌ನ ಸವೆತದೊಂದಿಗೆ ಹೊಂದುತ್ತದೆಯೇ ಎಂಬ ಮೂರನ್ನು ಒಟ್ಟಿಗೆ ನೋಡಬೇಕು.

ಚಿಕ್ಕಪೇಟೆ ಲೂಪ್
ರಿಪೇರಿ ಮೇಜಿನ ಈಚೆ ಕಡೆಯಿಂದ ಕೆಲವು ಮಾತುಗಳು. ಗಡಿಯಾರದ ಹೊರಭಾಗಗಳಲ್ಲಿ ಗಾಜು ಮತ್ತು ಚಾವಿ, ಅಂದರೆ ನೀವು ಕ್ರೌನ್ ಎನ್ನುವುದು, ಇವೆರಡೇ ಅತಿ ಹೆಚ್ಚು ಬಾರಿ ಬದಲಾಗುವಂಥವು. ಕೈಯಿಂದ ಚಾವಿ ಕೊಡುವ ಗಡಿಯಾರವನ್ನು ದಿನವೂ ಬೆರಳಿನಿಂದ ತಿರುಗಿಸಬೇಕು. ನಮ್ಮ ಹವೆಯಲ್ಲಿ ಬೆವರು ಕ್ರೌನಿನ ಕೆಳಗೆ ನಿಂತು, ಕ್ರೌನನ್ನು ಯಂತ್ರಕ್ಕೆ ಜೋಡಿಸುವ ಸಣ್ಣ ಕಂಬಿಯಾದ ಸ್ಟೆಮ್‌ಗೆ ತುಕ್ಕು ಹಿಡಿಯುತ್ತದೆ, ಸ್ಟೆಮ್ ಮುರಿದಾಗ ಅದರ ತಿರುಪಿನ ತುಂಡು ಕ್ರೌನಿನ ಒಳಗೇ ಕಚ್ಚಿಕೊಂಡು ಉಳಿಯುತ್ತದೆ. ಆ ತುಂಡನ್ನು ತೆಗೆಯುವ ತಾಳ್ಮೆ ಇಲ್ಲದವರು ಹೊಸ ಸ್ಟೆಮ್‌ನೊಂದಿಗೆ ಹೊಸ ಕ್ರೌನನ್ನೇ ಹಾಕಿಬಿಡುತ್ತಾರೆ. ಸ್ವಾತಂತ್ರ್ಯಾನಂತರ ಸ್ವಿಸ್ ಗಡಿಯಾರ ಮತ್ತು ಬಿಡಿಭಾಗಗಳ ಆಮದಿಗೆ ಲೈಸೆನ್ಸ್ ನಿರ್ಬಂಧಗಳಿದ್ದ ಕಾಲದಲ್ಲಿ ಡಬ್ಬಿಯಲ್ಲಿ ಏನಿತ್ತೋ ಅದೇ ಗತಿಯಾಗಿತ್ತು. ಒಮೇಗಾ ಅಕ್ಷರದ ಕ್ರೌನ್ ಹೊತ್ತುಕೊಂಡ, ಬೇರೆಯೇ ಕಂಪನಿಯ ಫಾವ್ರ್ ಲ್ಯೂಬಾ ಸೀ ಚೀಫ್ ಒಂದನ್ನು ನನ್ನ ಮೇಜಿನ ಮೇಲೆಯೇ ನೋಡಿದ್ದೇನೆ. ಅದರ ಮಾಲೀಕರು ಅದನ್ನು ಬಲು ಹೆಮ್ಮೆಯಿಂದ ತೋರಿಸುತ್ತಿದ್ದರು.

ಕಾಲನಿರ್ಣಯಕ್ಕೆ ಬರುವುದಾದರೆ, ಎಲ್ಲರೂ ಕ್ರೌನಿನ ನೆತ್ತಿಯನ್ನು ನೋಡುತ್ತಾರೆ, ನಾನು ಮೊದಲು ಹೊಟ್ಟೆಯನ್ನು ನೋಡುತ್ತೇನೆ. ಸ್ಟೆಮ್ ಬಿಚ್ಚಿ ಕ್ರೌನನ್ನು ತಲೆಕೆಳಗೆ ಮಾಡಿ ಹಿಡಿಯಿರಿ. ಒಳಗೆ ರಬ್ಬರ್ ಉಂಗುರ ಕೂರುವ ಜಾಗವಿದೆಯೇ, ಅಥವಾ ಬರೀ ತಿರುಪಿನ ತೂತು ಮಾತ್ರ ಇದೆಯೇ ಎಂಬುದು ಕಾಣುತ್ತದೆ. ನೀರುನಿರೋಧಕವಲ್ಲದ, ಹಿಂಬದಿಯ ಮುಚ್ಚಳವನ್ನು ಒತ್ತಿ ಕೂರಿಸುವ ಕೇಸ್‌ಗೆ ಉಂಗುರವಿರುವ ಆಳವಾದ ಕ್ರೌನ್ ಕೂತಿದ್ದರೆ ಅದು ಬೇರೆ ಮನೆಯಿಂದ ಬಂದದ್ದೆಂದು ತಿಳಿಯಬಹುದು. 1930 ಮತ್ತು 1940ರ ದಶಕಗಳಲ್ಲಿ ಕಾರ್ಕ್‌ನಿಂದ ಸೀಲ್ ಮಾಡುವ ಪದ್ಧತಿಯೂ ಇತ್ತು. ಮಿಡೋ ಎಂಬ ಸ್ವಿಸ್ ಸಂಸ್ಥೆಯವರ ಅಕ್ವಾಡ್ಯೂರಾ ವ್ಯವಸ್ಥೆ ಅದಕ್ಕೆ ಪ್ರಸಿದ್ಧ ಉದಾಹರಣೆ. ಹಳೆಯ ಕಾರ್ಕ್‌ನ ಚೂರುಗಳು ಕ್ರೌನಿನ ಸುತ್ತ ಸಿಕ್ಕರೆ ಕಸವೆಂದು ಗುಡಿಸಬೇಡಿ, ಅದು ಸಾಕ್ಷ್ಯ.

ಮತ್ತೊಂದು ಪರೀಕ್ಷೆ ಕಾಲಾಳು ಅವರಿಗೆ. ಹತ್ತು ಮುಖದ ಕ್ರೌನ್ ದಶಕಗಳ ಕಾಲ ಬೆರಳಿಗೆ ಸಿಕ್ಕು ಸವೆದರೆ ದುಂಡಗೇ ಕಾಣುತ್ತದೆ. ಆದ್ದರಿಂದ 'ದುಂಡು' ಎಂದ ಕೂಡಲೇ ತೀರ್ಪು ಕೊಡಬಾರದು. ಲೂಪ್ (ಗಡಿಯಾರ ರಿಪೇರಿಯವರ ಭೂತಗನ್ನಡಿ) ಹಿಡಿದು, ದೀಪವನ್ನು ಪಕ್ಕಕ್ಕಿಟ್ಟು, ಕ್ರೌನನ್ನು ನಿಧಾನವಾಗಿ ತಿರುಗಿಸಿ. ಸವೆದ ಡೆಕಾಗನ್ ಆದರೆ ಬೆಳಕು ಒಂದೊಂದೇ ಪಟ್ಟಿಯಾಗಿ ಜಿಗಿಯುತ್ತದೆ. ಗೀರುಹಲ್ಲಿನದಾದರೆ ಸಣ್ಣಗೆ ಮಿನುಗುತ್ತಾ ಹೋಗುತ್ತದೆ. ನೀವು ಗೀರುಹಲ್ಲುಗಳಿವೆ ಎಂದು ಬರೆದಿರುವುದರಿಂದ ಹಳೇಮುಳ್ಳು ಅವರು ಹೇಳಿದ್ದೇ ನಿಜವಿರಬೇಕು, ಆದರೂ ನೋಡಿ.

ತುಮಕೂರು ಟಿಕ್‌ಟಿಕ್
ಸಣ್ಣದೊಂದು ಅಡ್ಡಮಾತು. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ತೊಡಗಿದರಷ್ಟೆ. ನಮ್ಮ ತಂದೆಯವರು ಅಂಗಡಿಯಿಂದ ಹೊಸದಾಗಿ ತಂದು ಇಂದಿಗೂ ಕಟ್ಟುತ್ತಿರುವ ಜನತಾದ ಕ್ರೌನ್ ಬೋಳಾಗಿಯೇ ಇದೆ. ಅದನ್ನು ಡೂಪ್ಲಿಕೇಟ್ ಎನ್ನುವ ಧೈರ್ಯ ಯಾರಿಗಿದೆಯೋ ನೋಡೋಣ. ಲಾಂಛನವಿಲ್ಲದಿದ್ದರೆ ನಕಲಿ ಎಂಬ ಭಾವನೆ ಇತ್ತೀಚಿನ ಆನ್‌ಲೈನ್ ಮಾರಾಟದ ಫೋಟೊಗಳು ಹುಟ್ಟಿಸಿದ ಕಾಯಿಲೆ.

ಗುಂಡುಡಯಲ್
ಜನತಾ ಬಗ್ಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಶುರುವಾದರೆ ನಾಳೆಯವರೆಗೂ ನಿಲ್ಲುವುದಿಲ್ಲ.

ಥೇಮ್ಸ್ ಕನ್ನಡಿಗ
ತುಮಕೂರಿನವರ ಮಾತಿಗೆ ಇಲ್ಲಿನ ಒಂದು ಉದಾಹರಣೆ ಸೇರಿಸುತ್ತೇನೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಹನ್ನೆರಡು ಗಡಿಯಾರ ಸಂಸ್ಥೆಗಳು ಒಂದೇ ನಿರ್ದಿಷ್ಟ ವಿವರಣೆಯ ಪ್ರಕಾರ ಕೈಗಡಿಯಾರಗಳನ್ನು ಮಾಡಿಕೊಟ್ಟವು. ಒಮೇಗಾ, ಲಾಂಜಿನ್, ಐಡಬ್ಲ್ಯುಸಿ, ಜೆಗರ್ ಲಕೂಲ್ಟ್ರ್, ಸೈಮಾ, ವರ್ಟೆಕ್ಸ್ ಮೊದಲಾದವು ಆ ಪಟ್ಟಿಯಲ್ಲಿವೆ. ಸಂಗ್ರಾಹಕರು ಇವನ್ನು 'ಡರ್ಟಿ ಡಜನ್' ಎನ್ನುತ್ತಾರೆ. ಕಪ್ಪು ಡಯಲ್ ಮೇಲೆ ಬಾಣದ ಗುರುತು, ಕೈಗವಸು ಹಾಕಿಕೊಂಡೂ ತಿರುಗಿಸಬಹುದಾದ ದೊಡ್ಡ ಕ್ರೌನ್. ಕ್ರೌನ್ ಮೇಲೆ ಯಾವ ಲಾಂಛನವೂ ಇರಲಿಲ್ಲ, ಏಕೆಂದರೆ ಸೈನ್ಯಕ್ಕೆ ಬೇಕಾಗಿದ್ದು ಸಮಯವೇ ಹೊರತು ಜಾಹೀರಾತಲ್ಲ.

ಇಲ್ಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಈಗ ಆ ಒಮೇಗಾಗಳು ಲಾಂಛನವಿರುವ ಪುಟ್ಟ ಕ್ರೌನ್ ಹಾಕಿಕೊಂಡು ಕಾಣಿಸುತ್ತವೆ. ಯಾರೋ ಒಳ್ಳೆಯದಾಗಲೆಂದೇ 'ಸರಿಪಡಿಸಿದ್ದಾರೆ'. ಕಾಲಾಳು ಅವರ ತಾತನವರ ಗಡಿಯಾರಕ್ಕೆ ಆಗಲಿದ್ದದ್ದೂ ಇದೇ. ಅಂದಹಾಗೆ ಸೈನ್ಯದ ಗಡಿಯಾರಗಳಲ್ಲಿಯೂ ಯಂತ್ರ 30ಟಿ2 ಕುಟುಂಬದ್ದೇ ಇತ್ತು.

ಮೈಸೂರು ಮೈನ್‌ಸ್ಪ್ರಿಂಗ್
ವಿಷಯಕ್ಕೆ ಹತ್ತಿರದ್ದೇ ಆದ ಒಂದು ಪ್ರಶ್ನೆ. ರೋಲೆಕ್ಸ್ ಕ್ರೌನ್‌ಗಳಲ್ಲಿ ಆ ಕಂಪನಿಯ ಲಾಂಛನವಾದ ಕಿರೀಟದ ಕೆಳಗೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆ, ಎರಡು ಚುಕ್ಕೆ, ಮೂರು ಚುಕ್ಕೆ ಎಂದು ಎಣಿಸಿ ಯಾವ ದಶಕದ್ದೆಂದು ಹೇಳಬಹುದೆಂದು ಒಬ್ಬ ಮಾರಾಟಗಾರರು ಹೇಳಿದರು. ಒಮೇಗಾದಲ್ಲಿಯೂ ಇಂಥ ಸಂಕೇತವಿದೆಯೇ?

ಕಡಲಾಳ ಕೈಗಡಿಯಾರ
ಇಲ್ಲ, ಮತ್ತು ರೋಲೆಕ್ಸ್ ವಿಷಯದಲ್ಲಿಯೂ ನಿಮಗೆ ಹೇಳಿದ್ದು ತಪ್ಪು. ಚುಕ್ಕೆಗಳು ಸೀಲ್ ವ್ಯವಸ್ಥೆಯನ್ನೂ ಲೋಹವನ್ನೂ ಹೇಳುತ್ತವೆ, ವರ್ಷವನ್ನು ನೇರವಾಗಿ ಹೇಳುವುದಿಲ್ಲ. ತಿರುಪಿನಿಂದ ಬಿಗಿಯುವ ಕ್ರೌನ್‌ನ ನೀರುನಿರೋಧಕ ಆಯ್ಸ್ಟರ್ ಗಡಿಯಾರ ಬಂದದ್ದು 1926ರಲ್ಲಿ, ಅದರ ಮುಂದಿನ ಸೀಲ್ ವ್ಯವಸ್ಥೆಗಳಾದ ಟ್ವಿನ್‌ಲಾಕ್ 1953ರಲ್ಲಿ, ಟ್ರಿಪ್‌ಲಾಕ್ 1970ರಲ್ಲಿ. ಕಿರೀಟದ ಕೆಳಗೆ ಮೂರು ಚುಕ್ಕೆಗಳಿದ್ದರೆ ಅದು ಟ್ರಿಪ್‌ಲಾಕ್. ಮೂರೂ ಸಮವಾಗಿದ್ದರೆ ಉಕ್ಕು, ಹಳದಿ ಚಿನ್ನ ಅಥವಾ ಗುಲಾಬಿ ಚಿನ್ನ, ನಡುವಿನದು ದೊಡ್ಡದಾಗಿದ್ದರೆ ಬಿಳಿ ಚಿನ್ನ, ನಡುವಿನದು ಚಿಕ್ಕದಾಗಿದ್ದರೆ ಪ್ಲಾಟಿನಂ. ಟ್ವಿನ್‌ಲಾಕ್‌ಗೆ ಅಡ್ಡಗೆರೆ, ಒಂದು ಚುಕ್ಕೆ ಅಥವಾ ಎರಡು ಚುಕ್ಕೆ ಲೋಹಕ್ಕೆ ತಕ್ಕಂತೆ ಬರುತ್ತವೆ.

ಇದರಿಂದ ಕಾಲನಿರ್ಣಯಕ್ಕೆ ಸಿಗುವುದು ಒಂದು ಕೆಳಮಿತಿ ಮಾತ್ರ. ಮೂರು ಚುಕ್ಕೆಯ ಕ್ರೌನ್ 1970ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 1962ರ ರೋಲೆಕ್ಸ್ ಸಬ್‌ಮರೀನರ್ ಮೇಲೆ ಅದು ಕಂಡರೆ ಅದು ಸರ್ವಿಸ್‌ನಲ್ಲಿ ಬಂದ ಕ್ರೌನ್ ಎಂದು ಕಣ್ಣುಮುಚ್ಚಿ ಹೇಳಬಹುದು. ಆದರೆ ಮೇಲ್ಮಿತಿಯನ್ನು ಅದು ಹೇಳುವುದಿಲ್ಲ. 1975ರ ಗಡಿಯಾರದ ಮೇಲೆ ಮೊನ್ನೆ ತಾನೇ ಹಾಕಿದ ಟ್ರಿಪ್‌ಲಾಕ್ ಇರಬಹುದು.

ಒಮೇಗಾದಲ್ಲಿ ಇದಕ್ಕೆ ಹತ್ತಿರದ್ದೆಂದರೆ ನಯಾಡ್ ಕ್ರೌನ್. 1960ರ ದಶಕದ ಸೀಮಾಸ್ಟರ್ 300, ಅಂದರೆ 165.024ರಲ್ಲಿ ಅದಿತ್ತು. ತಿರುಪಿಲ್ಲದ ಕ್ರೌನ್, ನೀರಿನ ಒತ್ತಡ ಹೆಚ್ಚಿದಷ್ಟೂ ಸೀಲ್ ಬಿಗಿಯಾಗುತ್ತದೆ ಎಂಬುದು ಅದರ ತತ್ತ್ವ. ಆಳದಲ್ಲಿ ಬಿಗಿಯುವುದೇನೋ ಸರಿ, ಮೇಲ್ಮಟ್ಟದಲ್ಲಿ ಒತ್ತಡವೇ ಇಲ್ಲದಿದ್ದರೆ ಬಿಗಿಯುವುದು ಯಾವುದು? ಬ್ರಿಟಿಷ್ ಸೈನ್ಯಕ್ಕೆ 1967ರಿಂದ ಕೊಟ್ಟ ಸೀಮಾಸ್ಟರ್ 300ಕ್ಕೆ ತಿರುಪಿನ ಕ್ರೌನ್ ಹಾಕಿದ್ದು ಸುಮ್ಮನೆ ಅಲ್ಲ. ಆದ್ದರಿಂದ ಸೀಮಾಸ್ಟರ್ 300ರ ವಿಷಯದಲ್ಲಿ 'ತಿರುಪಿನ ಕ್ರೌನ್ ಇದೆಯಾದ್ದರಿಂದ ಒಳ್ಳೆಯದು' ಎಂದು ಕೊಳ್ಳಬೇಡಿ. ಅದು ಸೈನ್ಯದ್ದೇ, ಅಥವಾ ಆಮೇಲೆ ಯಾರೋ ಹಾಕಿಸಿದ್ದೇ ಎಂದು ಮೊದಲು ಕೇಳಿ.

ಮೈಸೂರು ಮೈನ್‌ಸ್ಪ್ರಿಂಗ್
ಧನ್ಯವಾದಗಳು. ನಮ್ಮ ಚಿಕ್ಕಪ್ಪನವರ 1950ರ ದಶಕದ ಆಯ್ಸ್ಟರ್ ಮೇಲೆ ಕಿರೀಟ, ಅದರ ಕೆಳಗೆ ಅಡ್ಡಗೆರೆ ಇದೆ. ಹಾಗಾದರೆ ಅದು ಟ್ವಿನ್‌ಲಾಕ್. ಗಡಿಯಾರ 1953ಕ್ಕಿಂತ ಹಿಂದಿನದಾದರೆ ಕ್ರೌನ್ ಬದಲಾಗಿದೆ, ನಂತರದ್ದಾದರೆ ಮೂಲದ್ದಿರಬಹುದು ಎಂದು ತಿಳಿದುಕೊಳ್ಳುತ್ತೇನೆ.

ಕಡಲಾಳ ಕೈಗಡಿಯಾರ
ಹೌದು, 'ಇರಬಹುದು' ಎಂಬ ಪದವನ್ನು ಮಾತ್ರ ಕೈಬಿಡಬೇಡಿ. ಆ ದಶಕದ ಮೊದಲ ವರ್ಷಗಳಲ್ಲಿ 'ಸೂಪರ್ ಆಯ್ಸ್ಟರ್' ಎಂಬ, ತಿರುಪಿಲ್ಲದ ಕ್ರೌನ್ ಕೂಡ ರೋಲೆಕ್ಸ್‌ನಿಂದ ಬಂದಿತ್ತು. ಅದು ಹೆಚ್ಚು ಕಾಲ ನಡೆಯಲಿಲ್ಲ, ಅನೇಕ ಗಡಿಯಾರಗಳಲ್ಲಿ ಅದನ್ನು ತೆಗೆದು ಟ್ವಿನ್‌ಲಾಕ್ ಹಾಕಿದರು. ಇಂದು ಅದು ಉಳಿದಿರುವುದೇ ಅಪರೂಪ.

ಸಂಶಯಾತ್ಮ
ಈಗ ಎರಡನೆಯ ಪ್ರಶ್ನೆಗೆ ಬರೋಣ, ಇದುವರೆಗೆ ಯಾರೂ ಸರಿಯಾಗಿ ಉತ್ತರಿಸಿಲ್ಲ. ಒಮೇಗಾ ಅಕ್ಷರದ ಆಕಾರದಿಂದ ಕಾಲ ಹೇಳಬಹುದೇ? ಒಮೇಗಾದ ಸ್ಪೀಡ್‌ಮಾಸ್ಟರ್ ಮಾದರಿಯ ಅಭಿಮಾನಿಗಳು 'ಚಪ್ಪಟೆ ಪಾದ' ಎಂದು ದಿನಕ್ಕೆ ನಾಲ್ಕು ಬಾರಿ ಜಪಿಸುತ್ತಾರೆ. ಅದೇ ಸೂತ್ರವನ್ನು ಕಾನ್‌ಸ್ಟೆಲೇಷನ್‌ಗೆ, ಸೀಮಾಸ್ಟರ್‌ಗೆ, ಕೊನೆಗೆ ಹೆಂಗಸರ ಪುಟ್ಟ ಗಡಿಯಾರಕ್ಕೂ ಅನ್ವಯಿಸುತ್ತಾರೆ. ಇದಕ್ಕೆ ಯಾವ ಆಧಾರವಿದೆ?

ಹಳೇಮುಳ್ಳು
ಒಳ್ಳೆಯ ಪ್ರಶ್ನೆ. ಸ್ಪೀಡ್‌ಮಾಸ್ಟರ್ ವಿಷಯದಲ್ಲಿ ಆಧಾರ ಗಟ್ಟಿಯಾಗಿದೆ. ಏಕೆಂದರೆ ಒಂದೇ ಮಾದರಿ 1957ರಿಂದ ಇಂದಿನವರೆಗೆ ನಿಲ್ಲದೆ ಬಂದಿದೆ, ಸಾವಿರಾರು ಗಡಿಯಾರಗಳನ್ನು ಜನ ಬಿಚ್ಚಿ ನೋಡಿ ಹೋಲಿಸಿದ್ದಾರೆ. ಸಿಕೆ 2998, 105.003, 105.012, 145.012 ಎಂಬ ಅದರ ಹಳೆಯ ರೆಫರೆನ್ಸ್‌ಗಳಲ್ಲೆಲ್ಲ ಮೂಲ ಕ್ರೌನಿನ ಒಮೇಗಾ ಅಕ್ಷರದ ಪಾದಗಳು ನೇರವಾಗಿ, ಚಪ್ಪಟೆಯಾಗಿ ಹೊರಕ್ಕೆ ಚಾಚಿರುತ್ತವೆ. ನಂತರದ ಸರ್ವಿಸ್ ಕ್ರೌನ್‌ಗಳಲ್ಲಿ ಪಾದದ ತುದಿ ದುಂಡಾಗುತ್ತದೆ, ಅಕ್ಷರ ಹೆಚ್ಚು ಉಬ್ಬುತ್ತದೆ. ಅದರ ಮೇಲೆ ಹಲ್ಲುಗಳನ್ನೂ ಎಣಿಸಿ, ಹಲ್ಲುಗಳ ನಡುವಿನ ಕಣಿವೆಯ ಅಗಲವನ್ನೂ ನೋಡುತ್ತಾರೆ. ಲಾಂಛನ, ಹಲ್ಲು, ರೆಫರೆನ್ಸ್ ಮೂರೂ ಒಪ್ಪಿದರೆ ಮಾತು ನಿಲ್ಲುತ್ತದೆ.

ಆದರೆ ಕಾನ್‌ಸ್ಟೆಲೇಷನ್‌ಗೆ ಅದೇ ಅಳತೆಗೋಲು ಹಿಡಿಯುವುದು ಸರಿಯಲ್ಲ ಎಂಬ ನಿಮ್ಮ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿ ಕ್ರೌನ್ ತಯಾರಿಸುವುದೇ ಒಂದು ಪ್ರತ್ಯೇಕ ಕಸುಬಾಗಿತ್ತು. ಗಡಿಯಾರದ ಸಂಸ್ಥೆಗಳು ಅದನ್ನು ಹೊರಗಿನ ತಯಾರಕರಿಂದ ಕೊಳ್ಳುತ್ತಿದ್ದವು. ಜಿನೀವಾದ ಬೋನಿಂಚಿ ಅಂಥವರಲ್ಲಿ ಹೆಸರಾದವರು. ಬೇರೆ ಬೇರೆ ತಯಾರಕರು, ಬೇರೆ ಬೇರೆ ಅಚ್ಚುಗಳು, ಉಕ್ಕಿಗೆ ಒಂದು ರೀತಿ, ಚಿನ್ನದ ತೆಳುಹೊದಿಕೆಗೆ ಒಂದು ರೀತಿ. ಆ ಕಾರಣದಿಂದ ಒಂದೇ ವರ್ಷದ ಎರಡು ಮಾದರಿಗಳಲ್ಲಿ ಅಕ್ಷರದ ಆಕಾರ ಬೇರೆಯಾಗಿದ್ದರೆ ಆಶ್ಚರ್ಯವಿಲ್ಲ. ಕಾನ್‌ಸ್ಟೆಲೇಷನ್‌ನಲ್ಲಿ ಕ್ರೌನಿನ ಒಟ್ಟು ರೂಪವೇ ಅಕ್ಷರದ ಪಾದಕ್ಕಿಂತ ಹೆಚ್ಚು ನಂಬಬಹುದಾದ ಸಾಕ್ಷಿ. ಆರಂಭದ ಸೀಮಾಸ್ಟರ್‌ಗಳಲ್ಲಿ ಸುತ್ತಲೂ ಎಸಳುಗಳಂತೆ ಉಬ್ಬಿದ ಕ್ರೌನ್ ಬರುತ್ತದೆ, ಕ್ಲೋವರ್ ಎನ್ನುತ್ತಾರೆ. ಅದು 1940ರ ದಶಕದ ಕೊನೆ ಮತ್ತು 1950ರ ದಶಕದ ಮೊದಲ ಭಾಗಕ್ಕೆ ಒಪ್ಪುತ್ತದೆ. ಅಕ್ಷರದ ಪಾದಗಳನ್ನು ನೋಡುವ ಮೊದಲೇ ಆ ರೂಪ ಅರ್ಧ ಉತ್ತರ ಕೊಟ್ಟುಬಿಡುತ್ತದೆ.

ರೆಫರೆನ್ಸ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. 145.012-67 ಎಂದಿದ್ದರೆ 67 ಎಂಬುದು ಆ ಕೇಸ್‌ನ ವಿನ್ಯಾಸಕ್ಕೆ ಸಂಬಂಧಿಸಿದ ವರ್ಷ. ಗಡಿಯಾರ 1968ರಲ್ಲಿ ಹೊರಬಂದಿದ್ದರೂ ಅದರಲ್ಲಿ 67 ಎಂದೇ ಇರಬಹುದು. ಕ್ರೌನನ್ನು ಹೋಲಿಸುವಾಗ ಯಂತ್ರದ ಸರಣಿ ಸಂಖ್ಯೆಯನ್ನೂ ಜೊತೆಗಿಟ್ಟುಕೊಳ್ಳಿ. ಸರಣಿಯ ಪಟ್ಟಿಗಳು ಅಂದಾಜಿನವು: 12 ಮಿಲಿಯನ್ ಎಂದರೆ ಸುಮಾರು 1950, 15 ಮಿಲಿಯನ್ ಎಂದರೆ ಸುಮಾರು 1956, 20 ಮಿಲಿಯನ್ ಎಂದರೆ ಸುಮಾರು 1963. ಒಂದೆರಡು ವರ್ಷ ಆಚೀಚೆ ಆಗುವುದು ಸಹಜ.

ಸಂಶಯಾತ್ಮ
ಒಪ್ಪಿದೆ. ಆದರೆ ಇನ್ನೊಂದು ಅಪಾಯವನ್ನೂ ಹೇಳಬೇಕು. 'ಕಾಲಕ್ಕೆ ತಕ್ಕ ಕ್ರೌನ್' ಹುಡುಕಿ ಹಾಕುವುದನ್ನು ನೀವೆಲ್ಲ ಪುಣ್ಯಕಾರ್ಯವೆಂಬಂತೆ ಮಾತನಾಡುತ್ತೀರಿ. ಚಪ್ಪಟೆ ಪಾದದ ಹಳೆಯ ಕ್ರೌನ್ ಒಂದೇ ಬಿಡಿಯಾಗಿ ಎಷ್ಟು ಬೆಲೆಗೆ ಹೋಗುತ್ತದೆ ಎಂಬುದು ಇಲ್ಲಿರುವವರಿಗೆ ಗೊತ್ತು. ಒಂದು ಗಡಿಯಾರದಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೆ ಎರಡನೆಯದು ಮೂಲ ಸ್ಥಿತಿಯದ್ದಾಗುತ್ತದೆಯೇ? 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜೊಂದರಲ್ಲಿ ಸಿಕೆ 2915-1 ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚು ಬೆಲೆಗೆ ಹೋಯಿತು. ಆಮೇಲೆ 2023ರಲ್ಲಿ, ಅದು ಬೇರೆ ಬೇರೆ ಕಡೆಯ ಭಾಗಗಳನ್ನು ಸೇರಿಸಿ ಕಟ್ಟಿದ ಗಡಿಯಾರವೆಂದೂ ಅದರಲ್ಲಿ ತಮ್ಮ ಮಾಜಿ ನೌಕರರ ಕೈವಾಡವಿತ್ತೆಂದೂ ಒಮೇಗಾದವರೇ ಹೇಳಬೇಕಾಯಿತು. ಅದರಲ್ಲಿದ್ದ ಭಾಗಗಳಲ್ಲಿ ಹೆಚ್ಚಿನವು ಅಸಲಿಯೇ. ಅಂಥ ಗಡಿಯಾರವೇ ಪರಿಣತರ ಕಣ್ಣು ತಪ್ಪಿಸಿ ಹೋಗಿರುವಾಗ, ಒಂದು ಕ್ರೌನಿನ ಪಾದ ಚಪ್ಪಟೆಯಾಗಿದೆ ಎಂದು ಸಂಭ್ರಮಿಸುವುದರಲ್ಲಿ ಏನಿದೆ?

ಥೇಮ್ಸ್ ಕನ್ನಡಿಗ
ಅದಕ್ಕೂ ಇದಕ್ಕೂ ಅಜಗಜಾಂತರ. ಅಲ್ಲಿ ವಂಚನೆಯ ಉದ್ದೇಶವಿತ್ತು ಎಂಬುದು ಆರೋಪ. ಕಾಲಾಳು ತಮ್ಮ ಸ್ವಂತ ಗಡಿಯಾರಕ್ಕೆ ಡೆಕಾಗನ್ ಹಾಕಿಸಿಕೊಂಡರೆ, ಮಾರುವಾಗ 'ನಂತರ ಹಾಕಿಸಿದ ಕ್ರೌನ್' ಎಂದು ಹೇಳಿದರೆ, ಯಾರಿಗೆ ಮೋಸವಾಗುತ್ತದೆ?

ಸಂಶಯಾತ್ಮ
ಅವರು ಹೇಳುತ್ತಾರೆ. ಅವರಿಂದ ಕೊಂಡವರು ಹೇಳುತ್ತಾರೆಯೇ?

ಗುಂಡುಡಯಲ್
ಇದಕ್ಕೆ ಉತ್ತರ ಇಲ್ಲ.

ಚಿಕ್ಕಪೇಟೆ ಲೂಪ್
ಉತ್ತರ ಇದೆ. ತೆಗೆದ ಕ್ರೌನನ್ನು ಎಸೆಯದೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ತಾರೀಖು ಮತ್ತು ರೆಫರೆನ್ಸ್ ಸಂಖ್ಯೆ ಬರೆದು ಗಡಿಯಾರದೊಂದಿಗೇ ಕೊಡುವುದು. ನಾನು ಹಾಗೇ ಮಾಡುತ್ತೇನೆ. ಕಂಪನಿಯ ಅಧಿಕೃತ ಸರ್ವಿಸ್‌ಗೆ ಕಳುಹಿಸುವವರು ಹಳೆಯ ಭಾಗಗಳನ್ನು ಹಿಂದಿರುಗಿಸಬೇಕೆಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಅವರ ದೃಷ್ಟಿಯಲ್ಲಿ ಕ್ರೌನ್ ಎಂಬುದು ನೀರು ತಡೆಯುವ ಭಾಗ, ಸವೆದರೆ ಬದಲಿಸುವುದು ಅವರ ಕರ್ತವ್ಯ. ಅವರನ್ನು ದೂರುವುದು ನ್ಯಾಯವಲ್ಲ. ಐವತ್ತು ವರ್ಷ ಹಳೆಯ ಕ್ರೌನಿನ ಒಳಗಿನ ರಬ್ಬರ್ ಗಟ್ಟಿಯಾಗಿ ಟಾರಿನಂತಾಗಿರುತ್ತದೆ, ಅದನ್ನು ಇಟ್ಟುಕೊಂಡು ಮಳೆಯಲ್ಲಿ ಓಡಾಡಿ ನಂತರ ಡಯಲ್ ಹಾಳಾಯಿತೆಂದು ನಮ್ಮ ಬಳಿ ಬರಬೇಡಿ.

ಕಂಪನಿಯ ಆರ್ಕೈವ್‌ನ (ಹಳೆಯ ಕಡತಗಳ ಸಂಗ್ರಹದ) ದಾಖಲೆಯಿಂದ ಕ್ರೌನ್ ಪ್ರಶ್ನೆ ತೀರುತ್ತದೆ ಎಂದು ಯಾರಾದರೂ ಬರೆಯುವ ಮೊದಲು ಹೇಳಿಬಿಡುತ್ತೇನೆ. ಸ್ವಿಸ್ ಸಂಸ್ಥೆಗಳ ಅಂಥ ಪ್ರಮಾಣಪತ್ರಗಳಲ್ಲಿ ಸಾಮಾನ್ಯವಾಗಿ ಯಂತ್ರದ ಸಂಖ್ಯೆ, ಮಾದರಿ, ತಯಾರಾದ ತಾರೀಖು, ಯಾವ ದೇಶಕ್ಕೆ ಹೋಯಿತು ಎಂಬುದಿರುತ್ತದೆ. ಚಾವಿ ಯಾವ ಆಕಾರದ್ದು ಎಂದು ಬರೆದಿರುವುದನ್ನು ನಾನು ಕಂಡಿಲ್ಲ.

ಕಾಲಾಳು
ಎಲ್ಲರಿಗೂ ಧನ್ಯವಾದಗಳು. ಫೋಟೊಗಳನ್ನು ಹಾಕಿದ್ದೇನೆ. ಲೂಪ್ ಹಿಡಿದು ನೋಡಿದೆ. ಕಾನ್‌ಸ್ಟೆಲೇಷನ್ ಕ್ರೌನಿನ ಬೆಳಕು ಪಟ್ಟಿಪಟ್ಟಿಯಾಗಿ ಜಿಗಿಯುವುದಿಲ್ಲ, ಸಣ್ಣಗೆ ಮಿನುಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೇಸ್‌ನ ಪಟ್ಟಿ ಕಟ್ಟುವ ಕಾಲುಗಳ ಅಂಚಿನಲ್ಲಿ ಚಿನ್ನ ಸವೆದು ಒಳಗಿನ ಉಕ್ಕು ಇಣುಕುತ್ತಿದ್ದರೂ ಕ್ರೌನಿನ ಹಲ್ಲುಗಳ ತುದಿಯಲ್ಲಿ ಚಿನ್ನ ಹಾಗೆಯೇ ಇದೆ. ದಿನವೂ ಬೆರಳು ಮುಟ್ಟುವ ಭಾಗ ಹೊಸದಾಗಿದ್ದು, ಮುಟ್ಟದ ಭಾಗ ಸವೆದಿರುವುದು ಹೇಗೆ ಸಾಧ್ಯ ಎಂದು ಈಗ ಅನ್ನಿಸುತ್ತಿದೆ. 30ಟಿ2ರ ಬೋಳು ಕ್ರೌನ್ ಮಾತ್ರ ಕೇಸ್‌ನಷ್ಟೇ ಸವೆದಿದೆ, ಅದರ ಹಲ್ಲುಗಳ ನಡುವೆ ಕಪ್ಪು ಕಿಟ್ಟ ತುಂಬಿಕೊಂಡಿದೆ, ಒಳಗೆ ರಬ್ಬರ್ ಕೂರುವ ಜಾಗವಿಲ್ಲ.

ಹಳೇಮುಳ್ಳು
ಫೋಟೊ ನೋಡಿದೆ. ಕಾನ್‌ಸ್ಟೆಲೇಷನ್‌ನದು ಒಮೇಗಾದ ಸರ್ವಿಸ್ ಕ್ರೌನ್ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಅಕ್ಷರ ಸ್ಪಷ್ಟವಾಗಿದೆ, ಎರಡು ಪಾದಗಳೂ ಸಮವಾಗಿವೆ. ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ನಕಲಿಗಳಲ್ಲಿ ಅಕ್ಷರ ಆಳವಿಲ್ಲದೆ, ಸ್ವಲ್ಪ ವಾಲಿಕೊಂಡಿರುತ್ತದೆ. ಬೋಳು ಕ್ರೌನ್ ಬಗ್ಗೆ ಸಂಶಯಾತ್ಮ ಅವರ ಅಭಿಪ್ರಾಯವನ್ನೂ ಕೇಳೋಣ.

ಸಂಶಯಾತ್ಮ
ಮೂಲದ್ದೇ ಎಂದು ಪ್ರಮಾಣ ಮಾಡಲಾರೆ. ಆದರೆ ತೆಗೆಯಲು ಒಂದು ಕಾರಣವೂ ಕಾಣುತ್ತಿಲ್ಲ. ಹಾಗೇ ಬಿಡಿ.

ತುಮಕೂರು ಟಿಕ್‌ಟಿಕ್
ಸಂಶಯಾತ್ಮರಿಂದ ಇಷ್ಟು ಬಂದದ್ದೇ ದೊಡ್ಡ ಪ್ರಮಾಣಪತ್ರ.

ಕಾಲಾಳು
ಕೊನೆಯದಾಗಿ ಒಂದು. ಡೆಕಾಗನ್ ಕ್ರೌನ್ ಕೊಳ್ಳುವುದಾದರೆ ಏನನ್ನು ನೋಡಬೇಕು? ಆನ್‌ಲೈನ್‌ನಲ್ಲಿ 'ಹಳೆಯ ದಾಸ್ತಾನಿನ ಅಸಲಿ ಡೆಕಾಗನ್' ಎಂದು ಹಲವು ಕಾಣುತ್ತಿವೆ, ಬೆಲೆಗಳಲ್ಲಿ ಒಂದಕ್ಕೊಂದು ತಾಳೆಯೇ ಇಲ್ಲ.

ಚಿಕ್ಕಪೇಟೆ ಲೂಪ್
ಹೊಳೆಯುವ ಡೆಕಾಗನ್‌ಗಳಲ್ಲಿ ಇತ್ತೀಚೆಗೆ ಮಾಡಿದವು ಬಹಳ ಇವೆ. ನಾಲ್ಕು ವಿಷಯ ಕೇಳಿ ಫೋಟೊ ತರಿಸಿಕೊಳ್ಳಿ. ಮುಖಗಳ ಅಂಚು ಗರಗಸದ ಹಾಗೆ ಹರಿತವಾಗಿದ್ದರೆ ಬೇಡ, ಹಳೆಯದರ ಅಂಚು ಬಳಸದಿದ್ದರೂ ಸ್ವಲ್ಪ ಮೆತ್ತಗಿರುತ್ತದೆ. ಹೊಟ್ಟೆಯ ಫೋಟೊ ಕೊಡದವರಿಂದ ಕೊಳ್ಳಲೇಬೇಡಿ. ವ್ಯಾಸವನ್ನು ಕ್ಯಾಲಿಪರ್ ಹಿಡಿದು ಅಳೆದ ಫೋಟೊ ಇರಬೇಕು, ಕೇಸ್‌ನ ಬದಿಯಲ್ಲಿ ಕ್ರೌನ್ ಕೂರುವ ತಗ್ಗಿನ ಅಗಲದೊಂದಿಗೆ ಅದನ್ನು ಹೋಲಿಸಿ. ಸ್ಟೆಮ್ ತಿರುಪಿನ ಅಳತೆ ಮತ್ತು ಕೇಸ್‌ನಿಂದ ಹೊರಚಾಚಿದ ಟ್ಯೂಬಿನ ಹೊರವ್ಯಾಸ ಎರಡೂ ಗೊತ್ತಿಲ್ಲದೆ ದುಡ್ಡು ಕಳುಹಿಸಬೇಡಿ. ಟ್ಯೂಬ್ ಸವೆದಿದ್ದರೆ ಎಷ್ಟು ಅಸಲಿ ಕ್ರೌನ್ ತಂದರೂ ಅಲ್ಲಾಡುತ್ತದೆ, ಆಗ ಮೊದಲು ಟ್ಯೂಬಿನ ಕೆಲಸ. ಗಡಿಯಾರ ತಂದರೆ ಅಳೆದು ಹೇಳುತ್ತೇನೆ, ಆಮೇಲೆ ಹುಡುಕಿ.

ಗುಂಡುಡಯಲ್
ಬೆಲೆ ಕೇಳಿ ಬಂದು ಇಲ್ಲಿ ಬರೆಯಿರಿ. ನನ್ನ 2852 ಕಾನ್‌ಸ್ಟೆಲೇಷನ್ ಕೂಡ ದುಂಡು ಕ್ರೌನ್ ಹಾಕಿಕೊಂಡು ಕೂತಿದೆ.